‘ಹುಡುಗ್ರಿಗೆ ಇಂಟ್ರೆಸ್ಟೇ ಇಲ್ಲ ಸರ್’: ಮೊದ್ಲು ಫೈಲ್ ನೋಡಿ, ಆಮೇಲೆ ಹುಡುಗನ್ನ ನೋಡಿ

ಪ್ರಶ್ನೆ: ಸರ್, ನಾನು ಒಂದು ತಾಲೂಕು ಕೇಂದ್ರದ ಖಾಸಗಿ ಐಟಿಐನಲ್ಲಿ ಫಿಟ್ಟರ್ ಟ್ರೇಡ್ (ಲೋಹದ ಭಾಗಗಳನ್ನ ಅಳತೆಗೆ ಉಜ್ಜಿ ಜೋಡ್ಸೋ ಕೆಲಸ) ಬೋಧಕ. ವಯಸ್ಸು 29. ಡಿಪ್ಲೊಮಾ ಮುಗಿಸಿ ಮೂರು ವರ್ಷ ಫ್ಯಾಕ್ಟರೀಲಿದ್ದೆ, ಅಪ್ಪಂಗೆ ಹುಷಾರಿಲ್ಲ ಅಂತ ಊರಿಗೆ ವಾಪಸ್ ಬಂದೆ. ಫಸ್ಟ್ ಇಯರ್‌ಗೆ 20 ಜನ ಅಡ್ಮಿಶನ್ ಆಗಿದೆ, ಬೆಳಿಗ್ಗೆ ಬರೋದು 11-12 ಜನ, ಊಟ ಆದ್ಮೇಲೆ ಉಳಿಯೋದು 6-7 ಜನ. ಇರೋರ ಕೈಲೂ ಮೊಬೈಲ್. ಲೇಟಾಗಿ ಬಂದ್ರೆ ಹತ್ತು ರೂಪಾಯಿ ಫೈನ್ ಹಾಕ್ದೆ, ಲೇಟಾದೋರು ಬರೋದೇ ನಿಲ್ಸಿದ್ರು. ಪೇರೆಂಟ್ಸ್ ಕರೆಸಿದ್ರೆ ಇಬ್ರು ಬಂದ್ರು. ಆಮೇಲೆ ಜಾಬ್ (ಅಭ್ಯಾಸಕ್ಕೆ ಕೊಡೋ ಲೋಹದ ತುಂಡಿನ ಕೆಲಸ) ಚೆನ್ನಾಗಿ ಮಾಡ್ದೋರಿಗೆ ಪೆನ್ನು, ಚಾಕ್ಲೇಟು ಕೊಟ್ಟೆ, ಎರಡು ವಾರ ನಡೀತು ಅಷ್ಟೆ. ಪ್ರಿನ್ಸಿಪಾಲ್ರು ಮೋಟಿವೇಶನಲ್ ಸ್ಪೀಕರ್ ಕರೆಸೋಣ ಅಂತಾರೆ. ಜೊತೆಯವ್ರು ‘ಇವ್ರು ಎಸ್ಸೆಸ್ಸೆಲ್ಸಿ ಜಸ್ಟ್ ಪಾಸು, ಪ್ರಾಕ್ಟಿಕಲ್ ಮೈಂಡು, ಥಿಯರಿ ತಲೆಗೆ ಹೋಗಲ್ಲ, ಅಟೆಂಡೆನ್ಸ್ ಹಾಕಿ ಕೈ ತೊಳ್ಕೊಳಪ್ಪ’ ಅಂತಾರೆ. ಸ್ಟ್ರಿಕ್ಟ್ ಆಗಿರ್ಬೇಕಾ, ಫ್ರೆಂಡ್ ಥರ ಇರ್ಬೇಕಾ? ನಾನು ಈ ಕೆಲಸಕ್ಕೆ ಲಾಯಕ್ಕಾ ಅನ್ನೋ ಡೌಟೇ ಬಂದ್ಬಿಟ್ಟಿದೆ.

ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರ ಓದಿ ನನಗೆ ನನ್ನ ಮೊದಲನೇ ವರ್ಷ ನೆನಪಾಯ್ತು. ನಾನೂ ಫಿಟ್ಟರ್ ಸೆಕ್ಷನ್ನೇ, ಇಪ್ಪತ್ತಾರು ವರ್ಷ ವೈಸ್ (ಕೆಲಸದ ತುಂಡನ್ನ ಬಿಗಿದು ಹಿಡಿಯೋ ಸಾಧನ) ಮುಂದೆ ನಿಂತಿದ್ದೀನಿ, ಆಮೇಲೆ ಬೋಧಕರಿಗೇ ಟ್ರೈನಿಂಗ್ ಕೊಡೋ ಕೆಲಸ ಮಾಡಿದೀನಿ. ಫೈನು, ಪೇರೆಂಟ್ಸು, ಚಾಕ್ಲೇಟು ಎಲ್ಲಾ ನಾನೂ ಮಾಡಿ ಕೈ ಸುಟ್ಕೊಂಡಿರೋದೇ. (ನಮ್ ಕಾಲ್ದಲ್ಲಿ ಚಾಕ್ಲೇಟ್ ಬದ್ಲು ಟೀ ಇತ್ತು.)

ನೀವು ಕೇಳ್ತಿರೋದು ಸ್ಟ್ರಿಕ್ಟಾ ಫ್ರೆಂಡಾ ಅಂತ, ಆದ್ರೆ ಪತ್ರದ ಒಳಗಡೆ ಇರೋ ಪ್ರಶ್ನೆ ‘ಇವ್ರಿಗೆ ಆಸಕ್ತಿ ಇಲ್ಲ, ಅದನ್ನ ನಾನು ಹೆಂಗೆ ಹುಟ್ಟಿಸ್ಲಿ’ ಅನ್ನೋದು. ನನ್ನ ಅನುಭವದಲ್ಲಿ ಆಸಕ್ತಿ ಮೊದಲು ಬಂದು ಆಮೇಲೆ ಕೈ ಕೆಲಸ ಕಲಿಯೋ ಹುಡುಗ್ರು ಇಪ್ಪತ್ತರಲ್ಲಿ ಇಬ್ರು ಮೂರು ಜನ. ಉಳಿದವ್ರಿಗೆ ಉಲ್ಟಾ, ಮೊದ್ಲು ಕೈಗೆ ಒಂದು ಕೆಲಸ ಕೂತ್ಕೊಬೇಕು, ‘ಅರೆ ನನ್ ಕೈಲಿ ಆಯ್ತಲ್ಲ’ ಅನ್ನಿಸ್ಬೇಕು, ಆಸಕ್ತಿ ಆಮೇಲೆ ತಾನೇ ಹಿಂದೆ ಬರತ್ತೆ. ಹತ್ತು ವರ್ಷ ಸ್ಕೂಲಲ್ಲಿ ‘ದಡ್ಡ’ ಅನ್ನಿಸ್ಕೊಂಡು ಬಂದಿರೋ ಹುಡುಗಂಗೆ ನೀವು ಇನ್ನೊಂದು ಕ್ಲಾಸ್‌ರೂಮ್ ತೋರ್ಸಿದ್ರೆ ಅವನಿಗೆ ಇಲ್ಲಿ ಏನಾಗತ್ತೆ ಅಂತ ಮೊದ್ಲೇ ಗೊತ್ತು, ಇಲ್ಲೂ ಸೋಲ್ತೀನಿ ಅಂತ. ಸೋಲೋ ಜಾಗಕ್ಕೆ ಯಾರು ಬಸ್ ಹತ್ತಿ ಬರ್ತಾರೆ ಹೇಳಿ.

ಅದಕ್ಕೇ ಮೊದ್ಲು ಒಂದು ಕೆಲಸ ಮಾಡಿ. ನಾಳೆ ಹುಡುಗ್ರು ಹೋದ್ಮೇಲೆ ಸೆಕ್ಷನ್ನಲ್ಲಿ ಒಬ್ರೇ ನಿಂತ್ಕೊಂಡು, ನಿಮ್ಮ ಹುಡುಗ್ರ ಕೈಗೆ ಕೊಡೋ ಫೈಲನ್ನೇ (ಲೋಹ ಉಜ್ಜೋ ಅರ) ತಗೊಂಡು, ಅವ್ರಿಗೆ ಕೊಡೋ ಅದೇ ಚಾನೆಲ್ ಪೀಸನ್ನ (ಯು ಆಕಾರದ ಉಕ್ಕಿನ ತುಂಡು) ಅರ್ಧ ಗಂಟೆ ಫೈಲ್ ಮಾಡಿ ನೋಡಿ. ನಾನು ಎಷ್ಟೋ ಐಟಿಐಗಳಿಗೆ ಹೋಗಿ ಇದನ್ನ ಮಾಡಿ ತೋರ್ಸಿದೀನಿ. ಹಲ್ಲು ಸವೆದು ಬೋಳಾಗಿರೋ 12 ಇಂಚಿನ ಬಾಸ್ಟರ್ಡ್ (ಒರಟು ಹಲ್ಲಿನ) ಫೈಲ್, ಅದಕ್ಕೆ ಹಿಡಿ ಇಲ್ಲ, ಹಲ್ಲಿನ ಸಂದೀಲಿ ಲೋಹದ ಚೂರು ಕಚ್ಕೊಂಡಿರತ್ತೆ, ಬ್ರಷ್ ಇಲ್ಲ, ಸೀಮೆಸುಣ್ಣ ಇಲ್ಲ. ಹೊಸ ಫೈಲಲ್ಲಿ ಇಪ್ಪತ್ತು ನಿಮಿಷದ ಕೆಲಸ ಇದರಲ್ಲಿ ಒಂದೂವರೆ ಗಂಟೆ ಹಿಡಿಯತ್ತೆ. ಇನ್ನು ವೈಸ್. ವೈಸ್‌ನ ದವಡೆ ಕೆಲಸ ಮಾಡೋನ ಮೊಣಕೈ ಮಟ್ಟಕ್ಕೆ ಇರ್ಬೇಕು ಅಂತ ನೀವೇ ಪಾಠ ಮಾಡ್ತೀರ, ಆದ್ರೆ ಎಲ್ಲಾ ಬೆಂಚೂ ಒಂದೇ ಎತ್ತರ, ಐದಡಿ ಇರೋ ಹುಡುಗ ಭುಜ ಎತ್ಕೊಂಡು ಉಜ್ತಾ ಇರ್ತಾನೆ, ಮೂರನೇ ದಿನಕ್ಕೆ ಭುಜ ಹಿಡ್ಕೊಂಡಿರತ್ತೆ, ಅಂಗೈಲಿ ಬೊಬ್ಬೆ ಎದ್ದಿರತ್ತೆ, ನಾಲ್ಕನೇ ದಿನ ಬರಲ್ಲ. ನಾವು ರಿಜಿಸ್ಟರಲ್ಲಿ ಆಬ್ಸೆಂಟ್ ಹಾಕಿ ಸ್ಟಾಫ್ ರೂಮಲ್ಲಿ ‘ಈಗಿನ ಹುಡುಗ್ರಿಗೆ ಮೈ ಬಗ್ಗಲ್ಲ’ ಅಂತೀವಿ. ನಾಲ್ಕು ಮರದ ಹಲಗೆ ಸೇರ್ಸಿ ಮೊಳೆ ಹೊಡೆದು ಗಿಡ್ಡ ಹುಡುಗ್ರ ಕಾಲಡಿಗೆ ಹಾಕಿ, ಖರ್ಚು ಹೆಚ್ಚು ಅಂದ್ರೆ ಒಂದು ಮಧ್ಯಾಹ್ನದ್ದು. ಹಿಡಿ ಇಲ್ದಿರೋ ಫೈಲ್ ಅಂತೂ ಅವತ್ತೇ ಎತ್ತಿ ಬೀಗ ಹಾಕಿ, ಅದರ ಚೂಪು ಬಾಲ ಅಂಗೈಗೆ ಚುಚ್ಚಿದ್ರೆ ಆಸಕ್ತಿ ವಿಷಯ ಬಿಡಿ, ಆಸ್ಪತ್ರೆ ವಿಷಯ ಆಗತ್ತೆ.

ಈಗ ನಿಮ್ಮ ಸ್ಟಾಫ್ ರೂಮ್ ಮಾತುಗಳಿಗೆ ಬರ್ತೀನಿ.

‘ಪ್ರಾಕ್ಟಿಕಲ್ ಮೈಂಡು, ಥಿಯರಿ ಹೋಗಲ್ಲ’ ಅನ್ನೋದು. ಒಬ್ಬೊಬ್ರಿಗೆ ಒಂದೊಂದು ಕಲಿಕೆ ಶೈಲಿ, ಕಣ್ಣಿನೋರು ಕಿವಿಯೋರು ಕೈಯೋರು ಅಂತ ಭಾಗ ಮಾಡೋದು ಬಹಳ ವರ್ಷದಿಂದ ನಡೀತಿದೆ, 2008ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರ ಒಂದು ತಂಡ ಕೂತು ಅದುವರೆಗಿನ ಸಂಶೋಧನೆ ಎಲ್ಲಾ ಜಾಲಾಡಿ, ಹಂಗೆ ಭಾಗ ಮಾಡಿ ಪಾಠ ಮಾಡಿದ್ರೆ ಜಾಸ್ತಿ ಕಲೀತಾರೆ ಅನ್ನೋದಕ್ಕೆ ಸರಿಯಾದ ಆಧಾರ ಇಲ್ಲ ಅಂತ ಹೇಳ್ತು. ನಮ್ಮ ಟ್ರೈನಿಂಗ್‌ಗಳಲ್ಲಿ ಇನ್ನೊಂದು ಚಾರ್ಟ್ ತೋರಿಸ್ತಾರೆ, ಓದಿದ್ರೆ 10 ಪರ್ಸೆಂಟ್ ನೆನಪಿರತ್ತೆ, ಕೇಳಿದ್ರೆ 20, ಮಾಡಿದ್ರೆ 90 ಅಂತ. ಅದರ ಮೇಲೆ ಎಡ್ಗರ್ ಡೇಲ್ ಅಂತ ಅಮೆರಿಕದ ಶಿಕ್ಷಣ ತಜ್ಞರ ಹೆಸರು ಬೇರೆ ಇರತ್ತೆ. ಡೇಲ್ 1946ರಲ್ಲಿ ಬರೆದ ಮೂಲ ಚಿತ್ರ ಒಂದು ಶಂಕು, ಅದ್ರಲ್ಲಿ ಪರ್ಸೆಂಟೇಜೇ ಇರಲಿಲ್ಲ, ಆಮೇಲೆ ಯಾರೋ ಸೇರ್ಸಿದ್ದು. ನಾನೂ ಎಷ್ಟೋ ವರ್ಷ ಆ ಚಾರ್ಟ್ ಇಟ್ಕೊಂಡು ಪಾಠ ಮಾಡಿದೀನಿ, ಈಗ ನೆನೆಸ್ಕೊಂಡ್ರೆ ನಾಚಿಕೆ ಆಗತ್ತೆ.

ಹಂಗಾದ್ರೆ ಥಿಯರಿ ಯಾಕೆ ಹೋಗಲ್ಲ? ವರ್ನಿಯರ್ ಕ್ಯಾಲಿಪರ್ (ಮೇನ್ ಸ್ಕೇಲ್ ಮೇಲೆ ವರ್ನಿಯರ್ ಅನ್ನೋ ಸಣ್ಣ ಸ್ಕೇಲ್ ಜಾರಿಸಿ ಅಳೆಯೋ ಉಪಕರಣ) ತಗೊಳ್ಳಿ, ಎಲ್ಲಾ ಸೆಕ್ಷನ್ನಲ್ಲೂ ಹುಡುಗ್ರು ಉದುರೋ ಜಾಗ ಅದು. 49 ಮಿಲಿಮೀಟರನ್ನ 50 ಭಾಗ ಮಾಡಿದೀವಿ, ಆದ್ದರಿಂದ ಲೀಸ್ಟ್ ಕೌಂಟ್ (ಅಳೆಯಬಹುದಾದ ಅತಿ ಸಣ್ಣ ಅಳತೆ) 0.02 ಮಿಲಿಮೀಟರ್ ಅಂತ ಬೋರ್ಡ್ ಮೇಲೆ ಬರೀತೀವಿ, ಎಲ್ರೂ ತಲೆ ಆಡಿಸ್ತಾರೆ. ಈಗ ಮೇನ್ ಸ್ಕೇಲ್ 12 ದಾಟಿದೆ, ವರ್ನಿಯರ್‌ನ 23ನೇ ಗೆರೆ ಮೇನ್ ಸ್ಕೇಲಿನ ಒಂದು ಗೆರೆಗೆ ಸರಿಯಾಗಿ ಕೂಡಿದೆ ಅಂದ್ಕೊಳ್ಳಿ. ಉತ್ತರ 12.46. ಒಬ್ಬೊಬ್ಬನ್ನೇ ಕೂರಿಸ್ಕೊಂಡು ಕೇಳಿ, ಅರ್ಧ ಜನ 12.23 ಅಂತಾರೆ. ಅವನಿಗೆ ಕ್ಯಾಲಿಪರ್ ಬರಲ್ಲ ಅಂತಲ್ಲ, 23ನ್ನ 0.02ರಿಂದ ಗುಣಿಸಿ ಪಾಯಿಂಟ್ ಎಲ್ಲಿಡಬೇಕು ಅನ್ನೋದು ಏಳನೇ ಕ್ಲಾಸಲ್ಲೇ ಬಿಟ್ಟೋಗಿದೆ. ಅದನ್ನ ಹತ್ತೊಂಬತ್ತು ಜನರ ಮುಂದೆ ಒಪ್ಕೊಳಕ್ಕೆ ಯಾವ ಹದಿನೇಳು ವರ್ಷದ ಹುಡುಗನೂ ತಯಾರಿರಲ್ಲ, ಅದಕ್ಕಿಂತ ‘ಥಿಯರಿ ಬೋರ್ ಸರ್’ ಅನ್ನೋದು ಮರ್ಯಾದೆ. ನನ್ನ ಹತ್ರ ಒಬ್ಬ ಹುಡುಗ ಇದ್ದ, ಅಳತೆ ಬಂದ್ರೆ ಸಾಕು ‘ಸರ್ ಬಾತ್‌ರೂಮ್’ ಅಂತಿದ್ದ, ಆರು ತಿಂಗಳು ನಾನವನ್ನ ಕಳ್ಳ ಅಂದ್ಕೊಂಡಿದ್ದೆ. ಒಂದು ದಿನ ರೂಪಾಯಿ ಪೈಸೆ ಲೆಕ್ಕದಲ್ಲಿ ಹೇಳಿಕೊಟ್ಟೆ, ಒಂದು ಗೆರೆಗೆ ಎರಡು ಪೈಸೆ, 23 ಗೆರೆಗೆ ಎಷ್ಟೋ ಅಂದೆ. 46 ಪೈಸೆ ಅಂದ. ಜೇಬಲ್ಲಿ ಮೊದ್ಲೇ 12 ರೂಪಾಯಿ ಇದೆ ಅಂದೆ, ಮುಗೀತು. ಪೈಸೆ ನೋಡದೇ ಇರೋ ಈಗಿನ ಹುಡುಗ್ರಿಗೂ ಇದು ನಡೀತದೆ, ಪೆಟ್ರೋಲ್ ಬಂಕ್ ಮೀಟರ್ ನೋಡಿರ್ತಾರಲ್ಲ.

ಇದನ್ನೇ ಕ್ಲಾಸಲ್ಲಿ ಮಾಡೋಕೆ ಒಂದು ದಾರಿ ಇದೆ. ಅಳತೆ ತೋರ್ಸಿ, ಯಾರೂ ಬಾಯಿ ಬಿಡದಂಗೆ ಎಲ್ರೂ ಚೀಟೀಲಿ ಉತ್ತರ ಬರೀಲಿ, ಆಮೇಲೆ ಪಕ್ಕದವನ ಜೊತೆ ಎರಡು ನಿಮಿಷ ಜಗಳ ಆಡ್ಲಿ, ಆಮೇಲೆ ಮತ್ತೆ ಬರೀಲಿ. ಹಾರ್ವರ್ಡ್‌ನಲ್ಲಿ ಎರಿಕ್ ಮಜುರ್ ಅನ್ನೋ ಫಿಸಿಕ್ಸ್ ಮೇಷ್ಟ್ರು ಇದನ್ನ 90ರ ದಶಕದಲ್ಲಿ ಶುರು ಮಾಡಿದ್ರು, ನಮ್ಮ ಸೆಕ್ಷನ್‌ಗೂ ಒಗ್ಗತ್ತೆ. ರಿಸ್ಕ್ ಏನಂದ್ರೆ ಚೀಟಿ ಮೇಲೆ ಹೆಸರು ಬರೆಸಿ ಎಲ್ರ ಮುಂದೆ ಓದಿದ್ರೆ ಹಾಳಾಗೋಯ್ತು, ಹೆಸರು ಬೇಡ.

‘ಮೋಟಿವೇಶನಲ್ ಸ್ಪೀಕರ್’ ವಿಷಯ. ಪ್ರಿನ್ಸಿಪಾಲ್ರ ಉದ್ದೇಶ ಒಳ್ಳೇದೇ, ಬೇಡ ಅಂತ ಜಗಳಕ್ಕೆ ಹೋಗ್ಬೇಡಿ. ಆದ್ರೆ ಶನಿವಾರ ಚಪ್ಪಾಳೆ ಹೊಡೆದ ಹುಡುಗ ಸೋಮವಾರ ಅದೇ ಬೋಳು ಫೈಲ್ ಹಿಡೀಬೇಕಲ್ಲ. ಆ ದುಡ್ಡಲ್ಲಿ ಆರು ಹೊಸ ಫೈಲ್ ಕೊಡ್ಸಿ ಅಂತ ಮೆತ್ತಗೆ ಕೇಳಿ ನೋಡಿ. ಭಾಷಣದ ಬದಲು ಹುಡುಗ್ರ ಕೈಲೇ ಬರೆಸೋದು ನನಗೆ ಕೆಲಸ ಮಾಡಿದೆ: ವಾರಕ್ಕೊಂದು ಸಲ ನಾಲ್ಕು ಸಾಲು, ಈ ವಾರ ಕಲಿತದ್ದು ನಿಮ್ಮನೇಲೋ ಹೊಲದಲ್ಲೋ ಗ್ಯಾರೇಜಲ್ಲೋ ಎಲ್ಲಿ ಕಂಡಿದೀರ, ಕನ್ನಡದಲ್ಲಿ, ಸ್ಪೆಲಿಂಗ್ ನೋಡಲ್ಲ. ಇದು ಅಮೆರಿಕದ ಹೈಸ್ಕೂಲ್ ಮಕ್ಕಳ ಮೇಲೆ ನಡೆದ ಪ್ರಯೋಗ, 2009ರಲ್ಲಿ ಪ್ರಕಟ ಆಗಿದ್ದು, ಪಾಠದ ಸಾರಾಂಶ ಬರೆದವರಿಗಿಂತ ಪಾಠ ತಮ್ಮ ಬದುಕಿಗೆ ಹೆಂಗೆ ಬರತ್ತೆ ಅಂತ ಬರೆದವರಲ್ಲಿ, ಅದ್ರಲ್ಲೂ ‘ನನ್ ಕೈಲಾಗಲ್ಲ’ ಅಂದ್ಕೊಂಡಿದ್ದ ಮಕ್ಕಳಲ್ಲಿ, ಆಸಕ್ತಿನೂ ಮಾರ್ಕ್ಸೂ ಏರಿತ್ತು. ನೀವೇ ‘ಇದು ನಿಮಗೆ ಬಹಳ ಉಪಯೋಗ’ ಅಂತ ಹೇಳೋದು ಬೇರೆ, ಅವನೇ ‘ನಮ್ಮ ಪಂಪ್‌ಸೆಟ್ ಕಪ್ಲಿಂಗ್ ಅಲೈನ್‌ಮೆಂಟ್ ಹಿಂಗೇ ಹಾಳಾಗಿದ್ದು’ ಅಂತ ಕಂಡುಕೊಳ್ಳೋದು ಬೇರೆ.

ಚಾಕ್ಲೇಟು ಎರಡು ವಾರಕ್ಕೆ ಯಾಕೆ ನಿಂತೋಯ್ತು ಅಂದ್ರೆ, ಅದಕ್ಕೂ ಹಳೇ ಪ್ರಯೋಗ ಇದೆ, 1973ರದ್ದು. ಚಿತ್ರ ಬರೆಯೋದಂದ್ರೆ ಇಷ್ಟ ಇದ್ದ ಪುಟ್ಟ ಮಕ್ಕಳಿಗೆ ‘ಬರೆದ್ರೆ ಸರ್ಟಿಫಿಕೇಟ್ ಕೊಡ್ತೀವಿ’ ಅಂತ ಮೊದ್ಲೇ ಹೇಳಿ ಕೊಟ್ರು, ಕೆಲವು ದಿನ ಆದ್ಮೇಲೆ ಆ ಮಕ್ಕಳು ಬಿಡುವಿನ ವೇಳೇಲಿ ಚಿತ್ರ ಬರೆಯೋದು ಕಮ್ಮಿ ಆಗಿತ್ತು, ಹೇಳದೇ ಕೊಟ್ಟ ಮಕ್ಕಳಲ್ಲಿ ಹಂಗಾಗಿರಲಿಲ್ಲ. ಅಂದ್ರೆ ಸೆಕ್ಷನ್ ಗುಡಿಸೋದು, ಮೆಷಿನ್‌ಗೆ ಆಯಿಲ್ ಹಾಕೋದು ಇಂಥ ಬೇಜಾರಿನ ಕೆಲಸಕ್ಕೆ ಟೀ ಕುಡಿಸಿ ತೊಂದರೆ ಇಲ್ಲ, ಜಾಬ್‌ಗೆ ಮಾತ್ರ ಬೆಲೆ ಕಟ್ಟಬೇಡಿ. ಜಾಬ್‌ಗೆ ಬೇಕಾಗಿರೋದು ‘ಈ ಕಡೆ 90 ಡಿಗ್ರಿ ಪಕ್ಕಾ ಬಂದಿದೆ, ಆ ಮೂಲೇಲಿ ಬೆಳಕು ಕಾಣ್ತಿದೆ ನೋಡು’ ಅಂತ ಟ್ರೈ ಸ್ಕ್ವೇರ್ (ಮೂಲೆ 90 ಡಿಗ್ರಿ ಇದೆಯಾ ನೋಡೋ ಉಪಕರಣ) ಇಟ್ಟು ತೋರ್ಸೋದು. ಬರೀ ‘ಗುಡ್’ ಅನ್ನೋದ್ರಿಂದಲೂ ಅವನಿಗೆ ಏನೂ ಗೊತ್ತಾಗಲ್ಲ.

ಇನ್ನು ಅಟೆಂಡೆನ್ಸ್. ಇದರಲ್ಲಿ ನಿಮ್ಮ ಕೈ ಕಟ್ಟಿದೆ, ಅಖಿಲ ಭಾರತ ಟ್ರೇಡ್ ಟೆಸ್ಟ್‌ಗೆ (ಐಟಿಐ ಪರೀಕ್ಷೆ) ಕೂರ್ಬೇಕಂದ್ರೆ 80 ಪರ್ಸೆಂಟ್ ಹಾಜರಿ ಬೇಕು. ಜೊತೆಯವ್ರು ಹೇಳೋ ‘ಅಟೆಂಡೆನ್ಸ್ ಹಾಕಿ ಕೈ ತೊಳ್ಕೋ’ ದಾರಿ ಎಷ್ಟು ಕಡೆ ನಡೀತಿದೆ ನನಗೂ ಗೊತ್ತು, ನಿಮಗೂ ಗೊತ್ತು. ಅದ್ರಲ್ಲಿ ಎರಡು ಅಪಾಯ. ತಪಾಸಣೆ ಬಂದ್ರೆ ಸಹಿ ನಿಮ್ಮದು ಇರತ್ತೆ, ಪ್ರಿನ್ಸಿಪಾಲ್ರದ್ದೂ ಅಲ್ಲ ಮ್ಯಾನೇಜ್‌ಮೆಂಟಿಂದೂ ಅಲ್ಲ. ಎರಡನೇದು ಬರೋ ಆರು ಜನ ಅದನ್ನ ನೋಡ್ತಾ ಇರ್ತಾರೆ, ಬಂದ್ರೂ ಒಂದೇ ಬರದಿದ್ರೂ ಒಂದೇ ಅಂತ ಗೊತ್ತಾದ ದಿನ ಅವರೂ ಹೋಗ್ತಾರೆ.

ಹಂಗಂತ ಫೈನ್ ಹಾಕೋದು ತಪ್ಪು ಲೆಕ್ಕ. ಲೇಟಾಗಿ ಬಂದೋನಿಗೆ ಹತ್ತು ರೂಪಾಯಿ, ಬರದೇ ಇದ್ದೋನಿಗೆ ಏನೂ ಇಲ್ಲ, ನೀವೇ ಅವನಿಗೆ ಬರಬೇಡ ಅಂತ ದರ ನಿಗದಿ ಮಾಡಿದಂಗಾಯ್ತು. ಬದಲಿಗೆ ಬರದೇ ಇರೋ ಎಂಟೊಂಬತ್ತು ಜನರ ಹೆಸರು ಬರ್ಕೊಂಡು ಒಬ್ಬೊಬ್ಬರಿಗೂ ಫೋನ್ ಮಾಡಿ, ಬೈಯೋಕಲ್ಲ, ಕೇಳೋಕೆ. ನಾನು ಬೆಟ್ಟಿಂಗ್ ಕಟ್ಟಲ್ಲ ಆದ್ರೂ ಹೇಳ್ತೀನಿ, ಒಂಬತ್ತು ಜನಕ್ಕೆ ನಾಲ್ಕೈದು ಬೇರೆ ಬೇರೆ ಕಾರಣ ಸಿಗತ್ತೆ. ಒಬ್ಬನ ಊರಿಗೆ ಮೊದಲನೇ ಬಸ್ಸೇ ಒಂಬತ್ತೂವರೆಗೆ. ಇಬ್ರು ಮದುವೆ ಸೀಸನ್ನಲ್ಲಿ ಕ್ಯಾಟರಿಂಗ್‌ಗೆ ಹೋಗ್ತಾರೆ, ಆ ದುಡ್ಡು ಮನೆಗೆ ಬೇಕೇ ಬೇಕು. ಒಬ್ಬನಿಗೆ ಎಲೆಕ್ಟ್ರಿಷಿಯನ್ ಬೇಕಿತ್ತು, ಸೀಟ್ ಸಿಗದೇ ಫಿಟ್ಟರ್‌ಗೆ ಬಂದಿದಾನೆ, ಫಿಟ್ಟರ್ ಅಂದ್ರೆ ಪೈಪ್ ಹಾಕೋ ಕೆಲಸ ಅಂತಲೇ ಅವನೂ ಅವನ ಅಪ್ಪನೂ ಇವತ್ತಿಗೂ ಅಂದ್ಕೊಂಡಿದಾರೆ. ಇನ್ನೊಬ್ಬ ಮೂರು ವಾರ ಬಿಟ್ಟು ಈಗ ಹೆಂಗೆ ಮುಖ ತೋರ್ಸೋದು ಅಂತ ಬರ್ತಿಲ್ಲ, ಇವನು ಮಾತ್ರ ಒಂದೇ ಫೋನಿಗೆ ವಾಪಸ್ ಬರ್ತಾನೆ. ಕ್ಯಾಟರಿಂಗ್ ಹುಡುಗ್ರಿಗೆ ನೀವು ದುಡ್ಡು ಕೊಡಕ್ಕಾಗಲ್ಲ, ಅದನ್ನ ಸರಿ ಮಾಡ್ತೀನಿ ಅಂತ ಹೊರಡ್ಬೇಡಿ, ಯಾವ್ಯಾವ ದಿನ ಬರಲ್ಲ ಅಂತ ಮೊದ್ಲೇ ಹೇಳು, 80 ಪರ್ಸೆಂಟ್‌ಗೆ ನಿನಗೆ ಎಷ್ಟು ದಿನ ರಜಾ ಉಳಿದಿದೆ ಅಂತ ಇಬ್ರೂ ಕೂತು ಲೆಕ್ಕ ಹಾಕಣ ಅನ್ನಿ. ಲೆಕ್ಕ ಅವನ ಕೈಲಿದ್ರೆ ಅವನೇ ಕಾಯ್ಕೊತಾನೆ, ಎಲ್ರೂ ಕಾಯಲ್ಲ, ಕೆಲವ್ರು ಕಾಯ್ತಾರೆ.

ಟೈಮ್‌ಟೇಬಲ್ ನಿಮ್ಮ ಕೈಲಿದ್ರೆ ಒಂದು ಬದಲಾವಣೆ. ತಗಡು ಶೀಟಿನ ಕೆಳಗೆ ಮಧ್ಯಾಹ್ನ ಎರಡು ಗಂಟೆಗೆ ಥಿಯರಿ ಇಟ್ರೆ ನಾನೂ ನಿದ್ದೆ ಮಾಡ್ತೀನಿ. ಬೆಳಿಗ್ಗೆ ಮೊದಲ ಅರ್ಧ ಗಂಟೆ ಟೂಲ್ ಎಣಿಸೋದು, ನಿನ್ನೆ ಜಾಬ್ ಅಳೆಯೋದು, ಬಸ್ಸಿನೋರು ಅಷ್ಟರಲ್ಲಿ ಸೇರ್ಕೊತಾರೆ. ಊಟಕ್ಕೆ ಮುಂಚೆ ನಲವತ್ತು ನಿಮಿಷ ಥಿಯರಿ, ಊಟ ಆದ್ಮೇಲೆ ನಿಂತು ಮಾಡೋ ಕೆಲಸ. ಡೆಮೊ ಕೊಡುವಾಗ ಇಪ್ಪತ್ತು ಜನರನ್ನ ಒಂದೇ ವೈಸ್ ಸುತ್ತ ನಿಲ್ಲಿಸ್ಬೇಡಿ, ಮುಂದಿನ ನಾಲ್ಕು ಜನಕ್ಕೆ ಕಾಣತ್ತೆ, ಉಳಿದವ್ರಿಗೆ ನಿಮ್ಮ ಬೆನ್ನು ಕಾಣತ್ತೆ, ಮೊಬೈಲ್ ತೆಗೆಯೋದು ಅಲ್ಲೇ. ಐದೈದು ಜನಕ್ಕೆ ನಾಲ್ಕು ಸಲ ಮಾಡಿ. ಗಂಟಲು ನೋಯತ್ತೆ, ನಿಜ.

ಮೊಬೈಲ್ ಬಗ್ಗೆ ಜಾಸ್ತಿ ಹೇಳಲ್ಲ. ಮೆಷಿನ್ ಹತ್ರ ಖಂಡಿತ ಬೇಡ, ಅದು ಸೇಫ್ಟಿ, ಅಲ್ಲಿ ಚರ್ಚೆ ಇಲ್ಲ. ಬೆಂಚಲ್ಲಿ ದಿನದ ಕೊನೇಗೆ ಅವರವರ ಜಾಬ್ ಫೋಟೋ ತೆಗೀಲಿ, ಮೊದಲನೇ ವಾರದ ಫೋಟೋ ಪಕ್ಕ ಆರನೇ ವಾರದ್ದು ಇಟ್ಟು ನೋಡಿದ್ರೆ ನೀವು ಏನೂ ಹೇಳೋದೇ ಬೇಡ.

ಎಡ್ವರ್ಡ್ ಡೆಸಿ, ರಿಚರ್ಡ್ ರಯಾನ್ ಅಂತ ಇಬ್ರು ಮನಃಶಾಸ್ತ್ರಜ್ಞರು ಹೇಳೋದು, ಮನುಷ್ಯನಿಗೆ ಒಳಗಿಂದ ಹುಮ್ಮಸ್ಸು ಬರ್ಬೇಕಂದ್ರೆ ಮೂರು ಬೇಕು: ನನ್ನ ಕೈಲಾಗತ್ತೆ, ನನ್ನ ಮಾತಿಗೂ ಜಾಗ ಇದೆ, ಇಲ್ಲಿರೋರು ನನ್ನವರು. ಮೂರನ್ನೂ ಒಂದೇ ಸಲ ಕೊಟ್ಟ ಒಂದು ಸಣ್ಣ ಜಾಬ್ ನಾನು ಮಾಡಿಸ್ತಿದ್ದೆ, ನಿಮಗೂ ಹೇಳ್ತೀನಿ. ವಾರಗಟ್ಟಲೆ ಚಾನೆಲ್ ಉಜ್ಜಿಸೋದಕ್ಕೆ ಮುಂಚೆ, ಎರಡನೇ ವಾರದಲ್ಲೇ, 50ಕ್ಕೆ 25 ಮಿಲಿಮೀಟರ್ ಎಂಎಸ್ ಫ್ಲಾಟ್ (ಮೆದು ಉಕ್ಕಿನ ಪಟ್ಟಿ) ತುಂಡು ಕೊಡಿ. ನಾಲ್ಕು ಅಂಚು ಫೈಲ್ ಮಾಡಿ ಒಂದಕ್ಕೊಂದು 90 ಡಿಗ್ರಿಗೆ ತರ್ಬೇಕು, ಮೂಲೆ ಗುಂಡಗೆ ಬೇಕಾ ಕತ್ತರಿಸಿದಂಗೆ ಬೇಕಾ ಅವನಿಷ್ಟ, ಲೆಟರ್ ಪಂಚಲ್ಲಿ (ಸುತ್ತಿಗೇಲಿ ಹೊಡೆದು ಅಕ್ಷರ ಒತ್ತೋ ಅಚ್ಚು) ಯಾರ ಹೆಸರು ಬೇಕಾದ್ರೂ ಹೊಡ್ಕೊಳ್ಳಿ, ಒಂದು ತೂತು, ಕೀ ಬಂಚ್ ಆಯ್ತು. ತೂತು ನೀವೇ ಹಾಕಿಕೊಡಿ, ಮೆಷಿನ್ ವೈಸಲ್ಲಿ ಬಿಗಿದೇ ಹಾಕ್ಬೇಕು, ಇಂಥ ಸಣ್ಣ ತುಂಡನ್ನ ಕೈಲಿ ಹಿಡಿದು ಡ್ರಿಲ್ ಮಾಡಕ್ಕೋದ್ರೆ ಡ್ರಿಲ್ ಕಚ್ಚಿ ತುಂಡು ಗಿರ್ರನೆ ತಿರುಗಿ ಬೆರಳು ಹೋಗತ್ತೆ. ಹತ್ತರಲ್ಲಿ ಏಳು ಹುಡುಗ್ರು ಹೊಡೆಯೋದು ಅಮ್ಮನ ಹೆಸರು. ಪಂಚ್ ಇಂಗ್ಲಿಷಲ್ಲೇ ಇರತ್ತೆ, ಕನ್ನಡದ್ದು ನಾನು ಹುಡುಕಿದೀನಿ, ನನಗಂತೂ ಸಿಗಲಿಲ್ಲ. ಅಕ್ಷರ ಸೊಟ್ಟ ಆಗತ್ತೆ, ಆಗ್ಲಿ ಬಿಡಿ, ‘ಸರ್ ಇನ್ನೊಂದು ಪೀಸ್ ಕೊಡಿ, ನೀಟಾಗಿ ಮಾಡ್ತೀನಿ’ ಅಂತ ಅವನೇ ಕೇಳಿದ ದಿನ ನಿಮ್ಮ ಅರ್ಧ ಕೆಲಸ ಮುಗೀತು. ಇದರ ಅಪಾಯ: ಮೆಟೀರಿಯಲ್ ಖರ್ಚು ಸ್ವಲ್ಪ ಇದೆ, ಸಿಲಬಸ್ ಜಾಬ್‌ಗಳು ಹಿಂದೆ ಬೀಳಬಾರದು, ರೆಕಾರ್ಡಲ್ಲಿ ಇದನ್ನ ಮಾರ್ಕಿಂಗ್, ಪಂಚಿಂಗ್ ಎಕ್ಸರ್ಸೈಸ್ ಜೊತೆ ಸೇರಿಸ್ಕೊಳ್ಳಿ. ಇನ್ನೊಂದು, ಹುಡುಗ್ರು ಚೆನ್ನಾಗಿ ಮಾಡ್ತಾರೆ ಅಂತ ಗೊತ್ತಾದ್ರೆ ಮ್ಯಾನೇಜ್‌ಮೆಂಟೋರು ಗೇಟು ಗ್ರಿಲ್ಲು ರಿಪೇರಿ ಎಲ್ಲಾ ಇವ್ರ ಕೈಲೇ ಮಾಡಿಸಕ್ಕೆ ಶುರು ಮಾಡ್ತಾರೆ, ಒಂದು ಎರಡು ಕಲಿಕೆ, ಮೂರನೇದು ಬಿಟ್ಟಿ ಚಾಕರಿ. ಅಲ್ಲಿ ನೀವು ಅಡ್ಡ ನಿಲ್ಬೇಕು.

ಸೀನಿಯರ್ ಹುಡುಗ್ರನ್ನ ಜೋಡಿ ಹಾಕೋದೂ ಒಳ್ಳೇದು, ಆದ್ರೆ ಸೀನಿಯರ್ ಫೈಲ್ ಮುಟ್ಟಬಾರದು, ಬಾಯಲ್ಲಿ ಮಾತ್ರ ಹೇಳ್ಬೇಕು ಅಂತ ರೂಲ್ ಇಡಿ, ಇಲ್ಲಾಂದ್ರೆ ಅವನೇ ಜಾಬ್ ಮುಗ್ಸಿ ಕೊಡ್ತಾನೆ.

‘ಸರ್ ಕೆಲಸ ಸಿಗತ್ತಾ’ ಅಂತ ನಿಮ್ಮನ್ನೂ ಕೇಳೇ ಕೇಳಿರ್ತಾರೆ. ಸುಳ್ಳು ಹೇಳ್ಬೇಡಿ. ಮುಗಿಸಿದ ತಕ್ಷಣ ಪರ್ಮನೆಂಟ್ ಕೆಲಸ ಕಮ್ಮಿ, ಕಂಪನಿಗಳಲ್ಲಿ ಕಾಂಟ್ರಾಕ್ಟೇ ಜಾಸ್ತಿ, ನೀವೇ ಮೂರು ವರ್ಷ ನೋಡ್ಕೊಂಡು ಬಂದಿದೀರ, ಅದನ್ನೇ ಹೇಳಿ. ಜೊತೆಗೆ ಇರೋ ದಾರೀನೂ ಹೇಳಿ: 1961ರ ಅಪ್ರೆಂಟಿಸ್ ಕಾಯ್ದೆ ಕೆಳಗೆ ಅಪ್ರೆಂಟಿಸ್ ಆಗ್ಬಹುದು, ಎಚ್‌ಎಎಲ್, ಬಿಇಎಲ್, ಹುಬ್ಬಳ್ಳಿ ಮತ್ತೆ ಮೈಸೂರಿನ ರೈಲ್ವೆ ವರ್ಕ್‌ಶಾಪ್ ಇವೆಲ್ಲಾ ತಗೊಳ್ತಾವೆ, ಸ್ಟೈಪೆಂಡ್ ಬರತ್ತೆ. ಓದ್ಬೇಕು ಅನ್ನೋನಿಗೆ ಎರಡು ವರ್ಷದ ಐಟಿಐ ಮೇಲೆ ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಪ್ರವೇಶ ಇದೆ. ಹಳೇ ವಿದ್ಯಾರ್ಥಿ ಯಾರನ್ನಾದ್ರೂ ಕರೆಸಿ, ಬಹಳ ದೊಡ್ಡದಾಗಿ ಬೆಳೆದೋನನ್ನ ಅಲ್ಲ, ಎರಡು ವರ್ಷದ ಹಿಂದೆ ಇದೇ ವೈಸಲ್ಲಿ ನಿಂತಿದ್ದು ಈಗ ಎಲ್ಲೋ ಶಿಫ್ಟ್ ಮಾಡ್ತಿರೋನನ್ನ. ಪೇ ಸ್ಲಿಪ್ ತೋರ್ಸು, ಪಿಜಿ ಬಾಡಿಗೆ ಎಷ್ಟು ಹೋಗತ್ತೆ ಹೇಳು ಅನ್ನಿ, ಹುಡುಗ್ರು ಮೊಬೈಲ್ ಕೆಳಗಿಟ್ಟು ಕೇಳ್ತಾರೆ. ಕೆಲವ್ರು ಆ ಸಂಬಳ ಕೇಳಿ ಬೇಜಾರಾಗಿ ಬಿಟ್ಟೂ ಹೋಗ್ಬಹುದು, ಅದನ್ನೂ ತಿಳ್ಕೊಂಡೇ ಕರೆಸಿ.

ಸ್ಟ್ರಿಕ್ಟಾ ಫ್ರೆಂಡಾ ಅಂದ್ರಲ್ಲ. ಸೇಫ್ಟಿ, ಅಳತೆ, ಹಾಜರಿ ಪುಸ್ತಕ ಈ ಮೂರಲ್ಲಿ ಕಲ್ಲಿನಂಗಿರಿ, 0.1 ಮಿಲಿಮೀಟರ್ ತಪ್ಪಿದ್ರೆ ತಪ್ಪೇ. ಉಳಿದದ್ರಲ್ಲಿ ಅವರಣ್ಣನ ಥರ ಇರಿ, ನಿಮಗೆ 29, ಅವ್ರಿಗೆ 17, ಫ್ರೆಂಡ್ ಆಗಕ್ಕೆ ಹೋದ್ರೆ ಅವ್ರೇ ನಗ್ತಾರೆ.

ನೀವು ಲಾಯಕ್ಕಾ ಅನ್ನೋ ಪ್ರಶ್ನೆಗೆ ನಾನು ಪತ್ರ ನೋಡಿ ತೀರ್ಪು ಕೊಡಕ್ಕಾಗಲ್ಲ. ಆದ್ರೆ ನಿಮಗೆ ಕೆಲಸ ಗೊತ್ತು, ಕಲಿಸೋ ಕೆಲಸ ಯಾರೂ ಹೇಳಿಕೊಟ್ಟಿಲ್ಲ, ಅದು ಬೇರೆ ಟ್ರೇಡು. ಸಿಐಟಿಎಸ್ (ಐಟಿಐ ಬೋಧಕರ ತರಬೇತಿ) ಮಾಡಿಲ್ಲ ಅಂದ್ರೆ ಮಾಡಿ, ಒಂದು ವರ್ಷದ ಕೋರ್ಸು, ಬೆಂಗಳೂರಿನ ಎನ್‌ಎಸ್‌ಟಿಐನಲ್ಲಿದೆ (ಕೇಂದ್ರ ಸರ್ಕಾರದ ಕೌಶಲ ತರಬೇತಿ ಸಂಸ್ಥೆ), ಮುಂದೆ ಸರ್ಕಾರಿ ಪೋಸ್ಟ್ ಕರೆದಾಗಲೂ ಬೇಕಾಗತ್ತೆ. ಅಪ್ಪನ್ನ ಬಿಟ್ಟು ಬರಕ್ಕಾಗಲ್ಲ ಅಂದ್ರೆ ಈ ವರ್ಷ ಬೇಡ. ಅಲ್ಲಿವರೆಗೆ ಫೈಲು, ಹಲಗೆ, ಒಂಬತ್ತು ಫೋನು, ಕೀ ಬಂಚು ಇಷ್ಟೇ ಮಾಡಿ, ಎಲ್ಲಾ ಒಟ್ಟಿಗೆ ಶುರು ಮಾಡ್ಬೇಡಿ, ಫೈಲಿಂದ ಶುರು ಮಾಡಿ. ದೀಪಾವಳಿ ಆದ್ಮೇಲೆ ಊಟದ ನಂತರ ಎಷ್ಟು ಜನ ಉಳೀತಿದಾರೆ ಅಂತ ಎಣಿಸಿ ಇನ್ನೊಂದು ಪತ್ರ ಹಾಕಿ, ಆರಕ್ಕೆ ಹತ್ತು ಆಗಿದ್ರೂ ಬರೀರಿ, ಆರು ಆರೇ ಇದ್ರೂ ಬರೀರಿ.